ಬಾಗಿಲ ಚೌಕಟ್ಟಿನ ಗ್ರೀಸು

ಸ್ಪ್ಯಾನರಣ್ಣ ಎಂದೂ ಧಾರಾವಾಹಿ ನೋಡಿದವನಲ್ಲ. ನಿಂತು ಕಣ್ಣು ಹಾಯಿಸುತ್ತಿದ್ದ, ಅಷ್ಟೆ. ಕೂತರೆ ತಾನೇ ನೋಡಿದ ಹಾಗೆ?

ಅವನು ಸ್ಕೂಟರ್ ಮೆಕ್ಯಾನಿಕ್. ಮನೆಯ ಮುಂದುಗಡೆಯೇ ಗ್ಯಾರೇಜು. ಸಂಜೆ ಏಳೂವರೆಗೆ ಒಳಗಿನ ಟೀವಿಯಲ್ಲಿ ಹಾಡು ಶುರುವಾಯಿತೆಂದರೆ ಅವನಿಗೆ ಕೈ ಒರೆಸುವ ಬಟ್ಟೆ ಬೇಕಾಗುತ್ತಿತ್ತು. ಅದು ಯಾವಾಗಲೂ ಒಳಗೇ ಇರುತ್ತಿತ್ತು. ಮಧ್ಯಾಹ್ನವೇ ಅವನು ಅಲ್ಲಿಟ್ಟು ಬಂದಿರುತ್ತಿದ್ದ. ನಡುಮನೆಯ ಬಾಗಿಲ ಚೌಕಟ್ಟಿಗೆ ಎಡಭುಜ ಆನಿಸಿ, ಕೈಯಲ್ಲೊಂದು ಸ್ಪ್ಯಾನರು ಹಿಡಿದು, ಈಗಲೋ ಆಗಲೋ ಹೊರಡುವವನಂತೆ ಅರ್ಧ ಗಂಟೆ ನಿಲ್ಲುತ್ತಿದ್ದ. ಹಗಲೆಲ್ಲ ಬ್ರೇಕು ರಿಪೇರಿ ಮಾಡುವ ಮನುಷ್ಯ, ಸಂಜೆ ಬ್ರೇಕು ಬಂದಾಗಲಷ್ಟೇ ಉಸಿರು ಬಿಡುತ್ತಿದ್ದ. ಆ ಬ್ರೇಕಿನಲ್ಲಿ ಬರುತ್ತಿದ್ದುದೆಲ್ಲ ಸೋಪು, ಬಟ್ಟೆ ಒಗೆಯುವ ಪುಡಿಯ ಜಾಹೀರಾತು. ಓಣಿಯಲ್ಲೆಲ್ಲ ಅತಿ ಹೆಚ್ಚು ಸೋಪು ಬೇಕಾಗಿದ್ದವನು ಅವನೇ. ಆದರೂ ಅದು ಹೆಂಗಸರ ಹೊತ್ತು. ಟಯರು, ಎಂಜಿನ್ ಆಯಿಲು, ಶೇವಿಂಗ್ ಕ್ರೀಮು ಬರುವುದು ಒಂಬತ್ತಕ್ಕೆ, ಗಂಡಸರ ಹೊತ್ತಿಗೆ.

ಏಳೂವರೆಯದು ಬೇಕರಿ ನಡೆಸುವ ಒಬ್ಬ ಅತ್ತೆಯ ಕತೆ. ಗಂಡ ಸತ್ತವಳು, ಬೀಗದ ಕೈಗೊಂಚಲು ಸೊಂಟಕ್ಕೆ ಸಿಕ್ಕಿಸಿಕೊಂಡು, ಮೈದುನಂದಿರು ಅಂಗಡಿ ಕಿತ್ತುಕೊಳ್ಳದಂತೆ ಹೆಣಗುತ್ತಿದ್ದಳು. ಅವಳ ಬಾಯಿಗೆ ಮಾತು ಬರೆದುಕೊಡುತ್ತಿದ್ದವಳು ಸ್ಪ್ಯಾನರಣ್ಣನ ಒಬ್ಬಳೇ ಮಗಳು.

ಅತ್ತೆ ಮೈದುನನಿಗೆ ಎದುರು ನಿಂತಾಗೆಲ್ಲ ಅವನು ತೋಳಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದ. ಕೂಡಲೇ, "ಥೂ, ಏನ್ ಗೋಳಪ್ಪಾ ಇದು! ಈಯಮ್ಮನ ಟ್ಯಾಂಕ್ ಲೀಕು" ಎಂದು ಹೊರಗಿನ ಗಿರಾಕಿಗಳಿಗೂ ಕೇಳುವಂತೆ ಕೂಗುತ್ತಿದ್ದ. ಆ ದಿನದ ಕತೆ ಮುಗಿದ ಮೇಲೆ ಹೆಂಡತಿ ಚೌಕಟ್ಟಿಗೆ ಮೆತ್ತಿದ ಗ್ರೀಸನ್ನು ಸೋಪು ಹಾಕಿ ಉಜ್ಜುತ್ತಿದ್ದಳು.

ರಜೆಗೆ ಬಂದಾಗ ಮಗಳು ಕೇಳುತ್ತಿದ್ದಳು. "ಅಪ್ಪಾ, ಮೊನ್ನೆ ಬೇಕರಿಗೆ ಬೆಂಕಿ ಬಿದ್ದಿದ್ದು ನೋಡಿದ್ಯಾ?"

"ನಾನ್ಯಾಕೆ ನೋಡ್ಲಿ ತಾಯಿ? ಅದೆಲ್ಲ ಹೆಂಗಸರದ್ದು. ಗಂಡಸರು ನೋಡೋಂಥದ್ದು ಏನಾದ್ರೂ ಬರಿ, ಕೂತ್ಕೊಂಡೇ ನೋಡ್ತೀನಿ."

ಬೆಂಕಿ ಬಿದ್ದ ಸಂಜೆ ಅವನು ಒಬ್ಬರ ಸ್ಕೂಟರಿನ ಚಕ್ರವನ್ನು ಇನ್ನೊಬ್ಬರದಕ್ಕೆ ಜೋಡಿಸಿಬಿಟ್ಟಿದ್ದ. ಅದನ್ನು ಅವಳಿಗೆ ಹೇಳುವವರು ಯಾರು?

ಒಂದು ದಿನ ಮಗಳ ಫೋನು ಬಂತು. "ಅಪ್ಪಾ, ಅತ್ತೆ ಕತೆ ಬಿಟ್ಬಿಟ್ಟೆ. ಒಂಬತ್ತು ಗಂಟೆದು ಕೇಳಿ ತಗೊಂಡೆ. ಪೊಲೀಸು, ಹೊಡೆದಾಟ, ಲಾರಿ ಚೇಸು. ನಿನಗೋಸ್ಕರಾನೇ ಕಣಪ್ಪಾ!"

ಅತ್ತೆಯ ಗತಿಯೇನು ಎಂದು ಬಾಯಿಗೆ ಬಂದದ್ದನ್ನು ಸ್ಪ್ಯಾನರಣ್ಣ ನುಂಗಿಕೊಂಡು, "ಭೇಷ್" ಎಂದ.

ಅಂದಿನಿಂದ ಒಂಬತ್ತರದನ್ನು ಕೂತು ನೋಡತೊಡಗಿದ. ಸ್ನಾನ ಮಾಡಿ, ಅಂಗಿ ಬದಲಿಸಿ, ಪರೀಕ್ಷೆಗೆ ಕೂತ ಹುಡುಗನ ಹಾಗೆ ಕುರ್ಚಿಯಲ್ಲಿ ನೆಟ್ಟಗೆ. ಪರದೆಯ ತುಂಬ ಹೆಣ ಬೀಳುತ್ತಿದ್ದವು, ಅಳುವವರೊಬ್ಬರೂ ಇರಲಿಲ್ಲ. ಮೊದಲ ಬ್ರೇಕಿಗೇ ಅವನಿಗೆ ತೂಕಡಿಕೆ. ಇತ್ತ ಏಳೂವರೆಯ ಅತ್ತೆಯನ್ನು ಬೇರೆ ಯಾರೋ ಬರೆಯುತ್ತಿದ್ದರು. ಅವಳ ಮಾತು ಕಮ್ಮಿಯಾಗಿ ಅಳು ಜಾಸ್ತಿಯಾಯಿತು. ಕೊನೆಗೊಂದು ಸಂಜೆ ಬೀಗದ ಕೈಗೊಂಚಲನ್ನು ಮೈದುನನ ಕಾಲ ಬಳಿ ಇಟ್ಟು ಕಣ್ಣು ಮುಚ್ಚಿದಳು. ಕತೆಯೂ ಮುಗಿಯಿತು. ಆವತ್ತು ಸ್ಪ್ಯಾನರಣ್ಣ ಹೊಟ್ಟೆ ಸರಿಯಿಲ್ಲವೆಂದು ಊಟ ಬಿಟ್ಟ.

"ಗೊತ್ತು ಬಿಡಿ ನಿಮ್ಮ ಹೊಟ್ಟೆ" ಎಂದಳು ಹೆಂಡತಿ.

ಮುಂದಿನ ಸಲ ಮಗಳು ಬಂದಾಗ ಒಂಬತ್ತರದನ್ನು ನೋಡಲು ಮೂವರೂ ಕೂತರು.

"ಹೇಗಿದೆಯಪ್ಪಾ?"

"ಜೋರಾಗಿದೆ."

"ನಿಜ ಹೇಳು."

"ಸೌಂಡು ಜೋರಾಗಿದೆ."

ಅವಳು ನಕ್ಕಳು. ಆಮೇಲೆ ಮೆಲ್ಲಗೆ, "ನಂಗೂ ಬೇಜಾರೇ. ಬರೀತಾ ಬರೀತಾ ನಿದ್ದೆ ಬರುತ್ತೆ. ನೀನಾದ್ರೂ ನೋಡ್ತೀಯಲ್ಲ ಅಂತ ಬರೀತಿದೀನಿ" ಎಂದಳು.

ಸ್ಪ್ಯಾನರಣ್ಣ ಅಂಗಿಯ ತುದಿಯನ್ನು ತಿರುವಿದ, ಬಿಟ್ಟ. "ಒಂದು ಕೇಳ್ಲಾ? ನೀನೇ ಬರೆದಿದ್ರೆ ಬೇಕರಿ ಬೀಗದ ಕೈ ಯಾರಿಗೆ ಹೋಗ್ತಿತ್ತು?"

ಮಗಳು ಟೀವಿಯಿಂದ ತಿರುಗಿದಳು. "ಅಪ್ಪಾ... ನೀನು ಅದನ್ನ ನೋಡ್ತಿದ್ಯಾ?"

"ನಿಂತಿದ್ದೆ ಕಣೇ. ಕೂತಿರ್ಲಿಲ್ಲ."

"ನಿಂತಿದ್ದು ಎಲ್ಲಿ ಅಂತ ಅಲ್ಲಿ ನೋಡು" ಎಂದು ಅಮ್ಮ ಬಾಗಿಲ ಕಡೆ ಗದ್ದ ಎತ್ತಿದಳು. ಗಂಡಸಿನ ಭುಜದ ಎತ್ತರದಲ್ಲಿ ಚೌಕಟ್ಟಿನ ಬಣ್ಣವೇ ಹೋಗಿ ಬರಿ ಮರ ಕಾಣುತ್ತಿತ್ತು. ಅಮ್ಮ ಉಜ್ಜಿದ ಸೋಪು ಗ್ರೀಸಿನ ಜೊತೆ ಬಣ್ಣವನ್ನೂ ಎತ್ತಿಕೊಂಡು ಹೋಗಿತ್ತು.

ಮಗಳು ಅದನ್ನು ನೋಡಿ ಅಪ್ಪನ ಕಡೆ ತಿರುಗಿದಳು. "ಒಂದು ಮಾತು ಹೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತಪ್ಪಾ? ನಾನು ಬಿಡ್ತಾನೇ ಇರ್ಲಿಲ್ಲ."

ಸ್ಪ್ಯಾನರಣ್ಣ ಕುರ್ಚಿಯ ಅಂಚಿಗೆ ಸರಿದ.

"ಈಗ ಮತ್ತೆ ಬರೆಯೋಕಾಗಲ್ವಾ?"

"ಸತ್ತೋದ್ಲಲ್ಲಪ್ಪಾ."

"ಹೋಗ್ಲಿ. ಬೀಗದ ಕೈ?"

"ಬ್ರೆಡ್ಡು ಪ್ಯಾಕ್ ಮಾಡೋ ಹೆಂಗಸಿಗೆ. ಅವಳು ತಗೊಳ್ಳಲ್ಲ ಅಂತಾಳೆ, ಆಗ ಅತ್ತೆ..."

ಮಗಳು ಹೇಳತೊಡಗಿದಳು. ಹೆಂಡತಿ ಟೀವಿಯ ಸದ್ದು ಕಡಿಮೆ ಮಾಡಿದಳು. ಸ್ಪ್ಯಾನರಣ್ಣ ತನಗೇ ತಿಳಿಯದಂತೆ ಕುರ್ಚಿಯಿಂದೆದ್ದು ಹೋಗಿ ಚೌಕಟ್ಟಿಗೆ ಭುಜ ಆನಿಸಿ ನಿಂತ. ಒಗೆದ ಅಂಗಿ ತೊಟ್ಟಿದ್ದ ಭುಜ. ಮರದ ಮೇಲೆ ಈ ಸಲ ಗುರುತೇನೂ ಉಳಿಯಲಿಲ್ಲ.