ಕೊಂಬೊನ ಹನ್ನೊಂದು ಗಂಟು

ವೆಟೆ ಊರಿನ ದರ್ಜಿ ಕೊಂಬೊ ಹುಟ್ಟಿದಾಗಲೇ ಸೂಲಗಿತ್ತಿ ಹೇಳಿದ್ದಳಂತೆ, ಈ ಮಗುವಿಗೆ ಒಂದು ಮಾತು ಕೊಡುವುದನ್ನು ದೇವರು ಮರೆತಿದ್ದಾನೆ ಎಂದು. ಆ ಮಾತು 'ಇಲ್ಲ'. ನಲವತ್ತಾರು ವರ್ಷವಾದರೂ ಅದು ಅವನ ಬಾಯಿಂದ ಹೊರಬಿದ್ದಿರಲಿಲ್ಲ. ಜಾಂಜಿಬಾರಿನ ಪಕ್ಕದ ಈ ಪೆಂಬಾ ದ್ವೀಪದಲ್ಲಿ ಇಲ್ಲವೆನ್ನಲು ನಾಚುವವರು ಬೇಕಾದಷ್ಟಿದ್ದಾರೆ. ಅವರು 'ಇನ್‌ಶಾ ಅಲ್ಲಾ' ಎನ್ನುತ್ತಾರೆ, ಕೇಳಿದವರು ಅರ್ಥ ಮಾಡಿಕೊಂಡು ಮನೆಗೆ ಹೋಗುತ್ತಾರೆ. ಕೊಂಬೊ ಮಾತ್ರ 'ಆಗಲಿ' ಎಂದೇಬಿಡುವ ವೀರ. ಒಂದೇ ಶುಕ್ರವಾರಕ್ಕೆ ಮೂವರು ಮದುಮಗಂದಿರ ನಿಲುವಂಗಿ ಒಪ್ಪಿಕೊಂಡು, ಕೊನೆಗೆ ಮೂವರೂ ಒಂದೇ ಅಂಗಿಯಲ್ಲಿ ಸರದಿಯಂತೆ ನಿಕಾಹ್ ಮುಗಿಸಿದರೆಂದು ಜನ ಈಗಲೂ ಆಣೆಯಿಟ್ಟು ಹೇಳುತ್ತಾರೆ.

ಡೈವಿಂಗ್ ಕಲಿಸುವ ರಯ್ಯಾ ಟೀಚರ ರಬ್ಬರ್ ಉಡುಪುಗಳಿಗೆ ತೇಪೆ ಹಾಕಿ ಹಾಕಿ, ಅದಕ್ಕೆ ಬದಲಾಗಿ ಅವನು ಬೆನ್ನಿಗೆ ಗಾಳಿ ಸಿಲಿಂಡರ್ ಕಟ್ಟಿಕೊಂಡು ಮುಳುಗುವುದನ್ನು ಕಲಿತಿದ್ದ. ಇದುವರೆಗೆ ಬೆಳಿಗ್ಗೆ ಮುಳುಗಿದರೆ ಮಧ್ಯಾಹ್ನ ಮನೆಯ ಊಟ. ಈಗ ಟೀಚರ ಡೈವಿಂಗ್ ಯಾತ್ರೆ: ಆರು ದಿನ ದೋಣಿಯಲ್ಲೇ ಊಟ, ದೋಣಿಯಲ್ಲೇ ನಿದ್ದೆ, ದಿನಕ್ಕೆ ಮೂರು ಮುಳುಗು! ಯಾರೋ ಬರಲಾಗದೆ ದೋಣಿಯಲ್ಲಿ ಖಾಲಿಯಾದ ಒಂದು ಹಾಸಿಗೆಗೆ ಟೀಚರ್ ಇವನನ್ನು ಕರೆದಿದ್ದರು. ಜನ್ಮದಲ್ಲಿ ಅವನು ತನಗಾಗಿ ಬಯಸಿದ್ದು ಇದೊಂದನ್ನೇ. ಎರಡು ವಾರ ಹೊಲಿಗೆ ಯಂತ್ರದ ಮುಂದೆ ಡೈವಿಂಗ್ ಕನ್ನಡಕ ಹಾಕಿಕೊಂಡು, ಮೂಗು ಹಿಡಿದು, ಕಿವಿಯ ಒತ್ತಡ ಬಿಡಿಸುವ ಅಭ್ಯಾಸ ಮಾಡಿದ. ಅಳತೆ ಕೊಡಲು ಬಂದವರು ತಮ್ಮ ಬೆವರಿನ ವಾಸನೆಗೇ ಹೀಗೆ ಮಾಡುತ್ತಿದ್ದಾನೆಂದು ಮುಖ ಗಂಟಿಕ್ಕಿಕೊಂಡು ಹೋದರು.

"ಫುಂಡೀ," ಎಂದಿದ್ದರು ಟೀಚರ್. ಕೈಕಸುಬಿನವರನ್ನು ಅಲ್ಲಿ ಕರೆಯುವುದೇ ಹಾಗೆ. "ಒಂದೇ ಒಂದು ಮೆತ್ತನೆ ಚೀಲ. ಹತ್ತು ಕೆಜಿ. ಜಾಸ್ತಿ ಆಯ್ತೋ, ನಿಮ್ಮನ್ನೂ ಹತ್ತಿಸಲ್ಲ."

"ಆಗಲಿ ಟೀಚರ್."

ಆದರೆ ವೆಟೆಯಿಂದ ಸಮುದ್ರಕ್ಕಿಳಿಯುವವನು ಯಾರ ಗಂಟನ್ನೂ ಒಯ್ಯದೆ ಹೋದರೆ ಅದು ಊರಿಗೇ ಅವಮಾನ. ಮೊದಲು ಬಂದವರು ಅತ್ತೆ ಬಿ ಟಾಟು, ಒಂದು ಬುಟ್ಟಿ ಹಲ್ವಾ ಹೊತ್ತು.

"ಅಳಿಯಂದ್ರೇ, ಹೇಗೂ ನೀರಿನ ಮೇಲೇ ಹೋಗ್ತಿದ್ದೀರಿ. ಟಾಂಗಾ ಊರಲ್ಲಿರೋ ನನ್ನ ತಂಗಿಗೆ ಇದಿಷ್ಟು ಕೊಟ್ಟುಬಿಡಿ."

ದೋಣಿ ಟಾಂಗಾಕ್ಕೆ ಹೋಗುವುದಿಲ್ಲ. ಹವಳದ ದಿಬ್ಬಗಳನ್ನು ಸುತ್ತಿ, ಎಲ್ಲೂ ದಡ ಮುಟ್ಟದೆ, ಹೊರಟ ದೋಣಿಕಟ್ಟೆಗೇ ವಾಪಸ್ಸು ಬರುತ್ತದೆ. ಇದು ಕೊಂಬೊಗೆ ಗೊತ್ತಿತ್ತು.

"ಆಗಲಿ ಅತ್ತೆ," ಎಂದ.

ಆಮೇಲೆ ತಡೆಯೇ ಇರಲಿಲ್ಲ. ಮೊಂಬಾಸಾದ ತಮ್ಮನಿಗೆಂದು ಮೀನು ಮಾರುವ ಹಾಮದ್ ಒಣ ಆಕ್ಟೋಪಸ್ ತಂದ. ಪಕ್ಕದ ಮನೆಯವರು ಜಾಂಜಿಬಾರಿನ ಬಾಣಂತಿ ಮಗಳಿಗೆ ಜೀವಂತ ಹುಂಜವನ್ನೇ ತಂದರು. ಒಟ್ಟು ಹನ್ನೊಂದು ಗಂಟು. ಜಾಗ ಮಾಡಲು ಕೊಂಬೊ ಮೊದಲು ಟವೆಲ್ ತೆಗೆದ, ಆಮೇಲೆ ಚಡ್ಡಿಗಳನ್ನು, ಆಮೇಲೆ ವಾಂತಿ ಮಾತ್ರೆಯನ್ನೂ. ಕೊನೆಗೆ ಅವನದೆಂದು ಉಳಿದದ್ದು ಉಟ್ಟ ಲುಂಗಿ, ಕೊರಳಲ್ಲಿ ನೇತುಬಿದ್ದ ಕನ್ನಡಕ.

ಹೊರಡುವ ದಿನ ಕಟ್ಟೆಯ ಮೇಲೆ ಟೀಚರ್ ಚೀಲವನ್ನು ತೂಕದ ಕೊಕ್ಕೆಗೆ ಸಿಕ್ಕಿಸಿದರು. ಇಪ್ಪತ್ಮೂರು ಕೆಜಿ. ಅದರ ಬಾಯಿಂದ ತಲೆ ಹೊರಹಾಕಿದ್ದ ಹುಂಜ ಗಂಟಲು ಹರಿಯುವಂತೆ ಕೂಗಿತು.

"ಫುಂಡೀ, ನಿಮ್ಮ ಚೀಲ ಕೂಗ್ತಿದೆ."

"ಹೌದು ಟೀಚರ್."

"ಸಮುದ್ರದ ನೀರು ಇಳೀತಿದೆ, ದೋಣಿ ಇನ್ನು ನಿಲ್ಲೋಕಾಗಲ್ಲ. ನೀವು ಬರ್ತೀರೋ, ಹುಂಜ ಬರುತ್ತೋ? ಬೇಗ ಹೇಳಿ."

ಬೀಳ್ಕೊಡಲು ಬಂದಿದ್ದ ಹನ್ನೊಂದು ಗಂಟಿನ ಯಜಮಾನರೂ ಮುಂದೆ ನುಗ್ಗಿದರು.

"ಏನಮ್ಮಾ, ಮೀನಿನ ಮುಖ ನೋಡೋಕೆ ಇಷ್ಟು ಅವಸರವಾ?" ಎಂದು ಟೀಚರನ್ನು ಗದರಿದರು ಬಿ ಟಾಟು. "ನಮ್ಮಳಿಯಂದ್ರು ಊರಿನ ಕೆಲಸದ ಮೇಲೆ ಹೊರಟಿರೋರು. ಹೇಳಿ ಅಳಿಯಂದ್ರೇ, ದೋಣಿ ಮೊದಲು ಟಾಂಗಾಕ್ಕೆ ತಾನೇ?"

ದೋಣಿಗೆ ಹತ್ತುವ ಹಲಗೆಯನ್ನು ಒಳಗೆಳೆದುಕೊಳ್ಳಲು ದೋಣಿಯ ಹುಡುಗರು ಬಗ್ಗಿದರು. ಕೊಂಬೊ ಟೀಚರ್ ಕಲಿಸಿದಂತೆ ನಿಧಾನವಾಗಿ ಉಸಿರೆಳೆದ, ನಿಧಾನವಾಗಿ ಬಿಟ್ಟ. ಚೀಲವನ್ನು ಕೊಕ್ಕೆಯಿಂದ ಬಿಡಿಸಿ, ಹುಂಜ ಸಮೇತ ಅತ್ತೆಯ ಮುಂದಿಟ್ಟು, ಹಲಗೆಯ ಮೇಲೆ ಕಾಲಿಟ್ಟ.

"ಇಲ್ಲ ಅತ್ತೆ," ಎಂದ. "ಈ ದೋಣಿ ಎಲ್ಲಿಗೂ ಹೋಗಲ್ಲ. ಸುತ್ತಾಡ್ಕೊಂಡು ವಾಪಸ್ ಇಲ್ಲಿಗೇ ಬರುತ್ತೆ."