ಬಕೆಟ್ಟಿಗೆ ತೊಡಿಸಿದ ಜಾಕೆಟ್

ಮನೆಯಲ್ಲೇ ಬಿಯರ್ ಮಾಡುವ ಹುಚ್ಚು ನನಗೆ ಹಿಡಿದ ಚಳಿಗಾಲದಲ್ಲೇ ನ್ಯೂಯಾರ್ಕ್ ಹತ್ತಿರದ ನಮ್ಮ ಮನೆಗೆ ಮೈಸೂರಿನಿಂದ ಅತ್ತೆ ಬಂದಿದ್ದರು. ಬಾರ್ಲಿ ಕುದಿಸಿ, ಸೋಸಿ, ಆರಿಸಿ, ಯೀಸ್ಟ್ ಹಾಕಿ ಬಕೆಟ್ಟಿನ ಮುಚ್ಚಳ ಒತ್ತುತ್ತಿದ್ದೆ. ಸರಿಯಾಗಿ ಆಗಲೇ ಅವರು ಬೇಸ್‌ಮೆಂಟಿಗೆ ಇಳಿದು ಬಂದರು.

"ಏನದು?"

"ಬಾರ್ಲಿ ನೀರು ಅತ್ತೆ. ಹುದುಗು ಬರೋಕೆ ಇಟ್ಟಿದ್ದೀನಿ." ಸುಳ್ಳೇನೂ ಅಲ್ಲವಲ್ಲ.

"ಈ ಚಳಿಗೆ ಎಲ್ಲಿಂದ ಬರುತ್ತೆ? ದೋಸೆ ಹಿಟ್ಟನ್ನೇ ನಾನು ಓವನ್ ಒಳಗೆ ಲೈಟ್ ಹಾಕಿ ಇಡ್ತೀನಿ," ಎಂದು ಗೊಣಗುತ್ತ ಮೇಲೆ ಹೋದರು. ಗಂಡಾಂತರ ತಪ್ಪಿತು ಅಂದುಕೊಂಡೆ.

ಮರುದಿನ ಬೆಳಿಗ್ಗೆ ಕೆಳಗಿನಿಂದ ಢಬ್ ಎಂದು ಸದ್ದು. ಓಡಿಹೋಗಿ ನೋಡಿದರೆ, ಅತ್ತೆ ಬಕೆಟ್ಟಿಗೆ ನನ್ನ ಆಫೀಸಿನ ಜಾಕೆಟ್ ತೊಡಿಸಿ, ಕುತ್ತಿಗೆವರೆಗೆ ಜಿಪ್ ಎಳೆದು, ಪಕ್ಕದಲ್ಲಿ ಹೀಟರ್ ತಂದಿಟ್ಟಿದ್ದರು. ಮುಚ್ಚಳ ಹಾರಿಹೋಗಿ, ಕಾಲರಿನಲ್ಲಿ ಉಕ್ಕಿದ ನೊರೆ ತೋಳಿನೊಳಗೆಲ್ಲ ಇಳಿದಿತ್ತು.

ಹಿಂದೆಯೇ ಬಂದ ಅತ್ತೆಗೆ ಪರಮ ತೃಪ್ತಿ. "ನೋಡಿ, ಎಷ್ಟು ಚೆನ್ನಾಗಿ ಉಬ್ಬಿದೆ."

ಥ್ಯಾಂಕ್ಸ್ ಹೇಳದೆ ಬೇರೆ ದಾರಿ ಇರಲಿಲ್ಲ.

ಎಷ್ಟು ಒಗೆದರೂ ಜಾಕೆಟ್ಟಿನ ಬಿಯರ್ ವಾಸನೆ ಹೋಗಲಿಲ್ಲ. ಸೋಮವಾರ ಅದನ್ನೇ ತೊಟ್ಟು ಆಫೀಸಿಗೆ ಹೊರಟೆ. ನಮ್ಮೂರು ಮಾರಿಸ್‌ಟೌನಿನಿಂದ ಹೊರಟ ಟ್ರೇನು ಕಿಕ್ಕಿರಿದಿತ್ತು. ನನ್ನ ಪಕ್ಕದ ಸೀಟು ಮಾತ್ರ ನ್ಯೂಯಾರ್ಕ್ ತನಕ ಖಾಲಿ. ದಿನಾ ಟ್ರೇನಿನಲ್ಲಿ ಆಫೀಸಿಗೆ ಓಡಾಡಲು ಶುರುಮಾಡಿದಾಗಿನಿಂದ ಅಷ್ಟು ಆರಾಮಾಗಿ ಕೂತದ್ದು ಅದೇ ಮೊದಲು.