ಬನಹಟ್ಟಿಯಿಂದ ಒಯ್ದ ಸಾಕ್ಷಿ

ಆಗ ನನಗೆ ಅರವತ್ತೆಂಟು. ಏಳು ವರ್ಷವಾಯಿತು. ನನ್ನ ಮಗ್ಗುಲ ಮನೆಯಾಕೆಗೆ ಈಗ ಬಲಗಾಲು ಮೊಣಕಾಲಿನ ಕೆಳಗೆ ಇಲ್ಲ. ಸಕ್ಕರೆ ಕಾಯಿಲೆಯಿಂದ ಹೋಯಿತು ಎಂದು ಓಣಿಯವರು ಹೇಳುತ್ತಾರೆ. ಅದು ಖರೆ. ಆದರೆ ನಾನು ಒಂದು ಮಾತು ಹೇಳಿದ್ದರೆ ಹೋಗುತ್ತಿರಲಿಲ್ಲ. ಇದನ್ನು ಮೊದಲೇ ಬರೆದುಬಿಡುತ್ತೇನೆ, ಆಮೇಲೆ ಮುಚ್ಚಿಡಬೇಕು ಅನ್ನಿಸಬಾರದು.

ನಾನು ಕಲಿತದ್ದು ಎರಡನೆಯ ಇಯತ್ತೆ. ಉಳಿದ ಅಕ್ಷರ ಕಲಿತದ್ದು ಬೈಬಲಿನ ಮೇಲೆ ಬೆರಳಿಟ್ಟು. ಬನಹಟ್ಟಿಯಲ್ಲಿ ನಮ್ಮದು ಸಣ್ಣ ಸಭೆ, ರಬಕವಿಯವರೂ ಸೇರಿ ಮೂವತ್ತು ಮಂದಿ, ಮೇಲೆ ತಗಡು, ಕೆಳಗೆ ಜಮಖಾನ. ಗಂಡ ಟಿಬಿ ಹತ್ತಿ ಮಲಗಿದಾಗ ನನ್ನ ಅಣ್ಣತಮ್ಮಂದಿರು ಹೊಸ್ತಿಲ ಆಚೆ ನಿಂತು ಮಾತಾಡಿಸಿ ಹೋದರು. ಸಭೆಯವರು ಒಳಗೆ ಬಂದು ಅವನ ಹಾಸಿಗೆ ತೊಳೆದರು. ಅದಕ್ಕೇ ನಾನು ಅಲ್ಲಿಗೆ ಹೋದೆ. ಬೇರೆ ಕಾರಣ ಇಲ್ಲ.

ವರ್ಷಕ್ಕೊಮ್ಮೆ ಕ್ರಿಸ್‌ಮಸ್ ದಿನ ಜಮಖಂಡಿ, ಮುಧೋಳ, ಬೀಳಗಿ, ನಮ್ಮೂರು, ಇಷ್ಟೂ ಕಡೆಯ ಸಭೆಗಳು ಜಮಖಂಡಿಯಲ್ಲಿ ಮದುವೆಗಳಿಗೆ ಕೊಡುವ ಒಂದು ಮಂಗಲ ಕಾರ್ಯಾಲಯ ಹಿಡಿದು ಕೂಡಿ ಆರಾಧನೆ ಮಾಡುತ್ತೇವೆ. ಹಾಡು, ಬೈಬಲಿನ ವಾಕ್ಯ, ಆಮೇಲೆ ಸಾಕ್ಷಿ. ದೇವರು ತನಗೆ ಏನು ಮಾಡಿದ ಎಂದು ಒಬ್ಬರು ಎದ್ದು ನಿಂತು ಎಲ್ಲರೆದುರು ಹೇಳುವುದಕ್ಕೆ ಸಾಕ್ಷಿ ಅನ್ನುತ್ತೇವೆ. ಪ್ರತಿ ಊರಿನವರೂ ಒಬ್ಬೊಬ್ಬ ಹೊಸಬರನ್ನು ಕರೆತರಬೇಕು, ಹಾಗೆ ರೂಢಿಯಾಗಿತ್ತು. ಮುಧೋಳದವರು ಒಂದು ವರ್ಷ ಕುಡಿತ ಬಿಟ್ಟವನನ್ನು ತಂದರು. ಬೀಳಗಿಯವರು ಹನ್ನೊಂದು ವರ್ಷದ ಮೇಲೆ ಹಡೆದವಳನ್ನು ಕೂಸಿನ ಸಮೇತ ತಂದು ನಿಲ್ಲಿಸಿದರು. ನಾವು ಕೈಬೀಸಿಕೊಂಡು ಹೋಗುತ್ತಿದ್ದೆವು.

ಮುಧೋಳದ ಸಭೆಗೆ ಹಿರಿಯಳು ಒಬ್ಬಳು ನಿವೃತ್ತ ಅಕ್ಕೋರು, ಅಂದರೆ ಸಾಲಿ ಟೀಚರು. ಸಾಲಿಯಲ್ಲಿ ಮಕ್ಕಳನ್ನು ಹೆದರಿಸಿದ ಬಾಯಿ, ಇನ್ನೂ ಹಾಗೇ ಇತ್ತು.

‘ಬನಹಟ್ಟ್ಯಾವ್ರು ಊಟಕ್ಕ ಬರ್ತಾರ, ಸಾಕ್ಷಿ ತರೂದಿಲ್ಲ ನೋಡ್ರಿ,’ ಎನ್ನುತ್ತಿದ್ದಳು. ‘ನಿಮ್ಮೂರಾಗ ಮಗ್ಗದ ಸಪ್ಪಳಕ್ಕ ದೇವ್ರು ಕಿವಿ ಮುಚ್ಚಿಕೊಂಡಾನೇನು?’

ಎಲ್ಲರೂ ನಗುತ್ತಿದ್ದರು. ನಾನೂ ನಗುತ್ತಿದ್ದೆ. ಆದರೆ ಮೂವತ್ತು ವರ್ಷ ಸಭೆಗೆ ಹೋದವಳು ನಾನು, ಒಂದು ಜೀವವನ್ನೂ ಕರೆತಂದಿರಲಿಲ್ಲ. ಅದು ಒಳಗೆ ಚುಚ್ಚುತ್ತಿತ್ತು.

ಮಗ್ಗುಲ ಮನೆಯಾಕೆ ನನಗಿಂತ ಇಪ್ಪತ್ತು ವರ್ಷ ಚಿಕ್ಕವಳು. ನಾವಿಬ್ಬರೂ ಒಂದೇ ಮಾಲಕನ ಹತ್ತಿರ ಕಂಡಕಿ ಸುತ್ತುತ್ತಿದ್ದೆವು, ಅಂದರೆ ಮಗ್ಗಕ್ಕೆ ಹಾಕುವ ನೂಲನ್ನು ಸಣ್ಣ ಸಣ್ಣ ಕೋಲಿಗೆ ಸುತ್ತುವ ಕೆಲಸ. ಆಕೆಯ ಗಂಡ ಅಲ್ಲೇ ಪಾವರ್‌ಲೂಮ್ ನಡೆಸುತ್ತಿದ್ದ. ಆಕೆಗೆ ಸಕ್ಕರೆ ಇತ್ತು, ಬಲಗಾಲಿನ ಅಂಗಾಲಲ್ಲಿ ಒಂದು ಹುಣ್ಣು, ರೂಪಾಯಿ ನಾಣ್ಯದಷ್ಟು. ಐದು ತಿಂಗಳಿಂದ ಮಾಯುತ್ತಿರಲಿಲ್ಲ. ದವಾಖಾನೆಯ ಗುಳಿಗೆ ತಿನ್ನುತ್ತಿದ್ದಳು, ಪಟ್ಟಿ ಕಟ್ಟಿಸಿಕೊಳ್ಳುತ್ತಿದ್ದಳು.

‘ದೊಡ್ಡವ್ವಾ, ನನಗೂ ಒಂದೀಟ ಪ್ರಾರ್ಥನಿ ಮಾಡ್ರಿ,’ ಎಂದಳು ಒಂದು ದಿನ, ತಾನಾಗಿ. ನಾನು ಕರೆದಿರಲಿಲ್ಲ.

ನವೆಂಬರ್ ತಿಂಗಳು ಪೂರಾ ಬೆಳಿಗ್ಗೆ ಕೆಲಸಕ್ಕೆ ಹೋಗುವ ಮೊದಲು ಆಕೆಯ ಮನೆಯಲ್ಲಿ ಕೂತೆ. ಕೊಬ್ಬರಿ ಎಣ್ಣೆಯ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡಿ ಕಾಲಿಗೆ ಸವರುತ್ತಿದ್ದೆ. ಆಕೆಯ ಗಂಡ ಹಲ್ಲುಜ್ಜುತ್ತ ಬಾಗಿಲಲ್ಲಿ ನಿಂತು ನೋಡುತ್ತಿದ್ದ.

‘ದೊಡ್ಡವ್ವಾ, ನಿಮ್ಮ ದೇವ್ರಿಗಿ ಎಣ್ಣೀ ಬಾಳ ಬೇಕಾಗ್ತದ ನೋಡ್ರಿ. ಬಜಿ ಅಂಗಡಿ ಇಡತಾನೇನ?’

‘ನಿನ್ನ ನಾಲಗಿಗೂ ಒಂದೀಟ ಹಚ್ಚಲೇನಲೇ?’ ಎನ್ನುತ್ತಿದ್ದೆ ನಾನು. ಆಕೆ ನಗುತ್ತಿದ್ದಳು. ಬೇಡ ಎಂದು ಅವನು ಒಂದು ದಿನವೂ ಹೇಳಲಿಲ್ಲ.

ತಿಂಗಳ ಕೊನೆಗೆ ತಪಾಸಣೆ ಮಾಡಿಸಿದಾಗ ಸಕ್ಕರೆ ಅರ್ಧಕ್ಕೆ ಇಳಿದಿತ್ತು. ಹುಣ್ಣು ಕಡಲೆಕಾಳಿನಷ್ಟಾಗಿತ್ತು. ಚೀಟಿ ಹಿಡಿದುಕೊಂಡು ಓಣಿಯಲ್ಲಿ ಓಡಿಬಂದಳು, ಅದೇ ಕಾಲಲ್ಲಿ. ನಾನು ಆ ಚೀಟಿ ಹಿಡಿದು ನಮ್ಮ ಸಭೆಯ ಪಾಸ್ಟರ ಹತ್ತಿರ ಹೋದೆ. ಈ ವರ್ಷ ನಮ್ಮಲ್ಲೂ ಸಾಕ್ಷಿ ಐತಿ ಎಂದೆ.

ಪಾಸ್ಟರು ಒಳ್ಳೆಯ ಮನುಷ್ಯ. ಅವರ ಮೇಲೆ ಏನೂ ಹಾಕುವಂತಿಲ್ಲ. ಚೀಟಿ ಎರಡು ಸಲ ಓದಿದರು.

‘ಹೇಳಲಿ ಬಿಡ್ರಿ ಅವ್ವಾರ, ಸಂತೋಷ. ಆದ್ರ ಗುಳಿಗಿ ಬಿಡಬ್ಯಾಡ ಅಂತ ಆಕಿಗಿ ನೀವು ಗಟ್ಟಿ ಹೇಳ್ರಿ. ನಮ್ಮ ಮಂದಿ ಒಮ್ಮೊಮ್ಮಿ ಹಂಗ ಮಾಡ್ತಾರ. ದೇವ್ರು ಡಾಕ್ಟರ ಕೈಲೇನೂ ಕೆಲಸ ಮಾಡಸ್ತಾನ. ಮರೀಬ್ಯಾಡ್ರಿ ಮತ್ತ.’

‘ಹೇಳ್ತೇನ್ರಿ,’ ಎಂದೆ.

ಮರುದಿನ ಕ್ರಿಸ್‌ಮಸ್ ತಯಾರಿಗೆಂದು ಜಮಖಂಡಿಯಲ್ಲಿ ಹೆಣ್ಣುಮಕ್ಕಳ ಕೂಟ ಇತ್ತು. ಯಾರು ಅಡಿಗೆ, ಯಾರು ಹಾಡು ಎಂದೆಲ್ಲ ಗೊತ್ತುಮಾಡಿದ ಮೇಲೆ ನಾನು ಎದ್ದು ನಮ್ಮ ಸಾಕ್ಷಿಯ ಸುದ್ದಿ ಹೇಳಿದೆ. ಮುಧೋಳದ ಅಕ್ಕೋರು ಕನ್ನಡಕದ ಮೇಲಿಂದ ನೋಡಿದಳು.

‘ಗುಳಿಗಿ ಬಿಟ್ಟಾಳೇನು?’

‘ಇಲ್ರಿ, ತಿಂತಾಳ.’

‘ಮತ್ತ ಅದು ಗುಳಿಗಿ ಸಾಕ್ಷಿ ಆತಲ್ಲ. ಹಂಗಿದ್ರ ಆಕಿನ್ನ ಯಾಕ ತರ್ತೀರಿ, ಔಷಧ ಅಂಗಡ್ಯಾಂವನ್ನ ತರ್ರಿ, ಅಂವಾ ಹೇಳಲಿ.’

ಇಡೀ ಕೂಟ ನಕ್ಕಿತು. ಬೀಳಗಿಯ ಒಬ್ಬಳಿಗೆ ನಕ್ಕು ನಕ್ಕು ಕೆಮ್ಮು ಬಂತು. ಆ ಅಕ್ಕೋರು ಕೆಟ್ಟದ್ದು ಮಾಡಬೇಕೆಂದು ಅಂದವಳಲ್ಲ, ಚೇಷ್ಟೆ ಮಾಡಿದಳು. ನನಗೆ ಮಾತ್ರ ಕಿವಿ ಕಾದುಹೋದವು.

ಸಂಜೆ ಮನೆಗೆ ಬಂದೆ. ಆಕೆ ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತ ನನ್ನ ದಾರಿ ಕಾಯುತ್ತಿದ್ದಳು.

‘ಏನಂದ್ರು ದೊಡ್ಡವ್ವಾ? ನಾ ಹೇಳೂದು ಗಟ್ಟಿ ಆತೇನ್ರಿ?’

ನಾನು ಎರಡು ಮಾತು ಹೊತ್ತುಕೊಂಡು ಬಂದಿದ್ದೆ. ಪಾಸ್ಟರದು ಒಂದು, ಅಕ್ಕೋರದು ಒಂದು. ಅಕ್ಕೋರು ಅಂದದ್ದನ್ನು ಔಷಧ ಅಂಗಡಿಯ ಚೇಷ್ಟೆಯ ಸಮೇತ ಹೇಳಿದೆ. ಪಾಸ್ಟರು ಅಂದದ್ದನ್ನು ಹೇಳಲಿಲ್ಲ. ಮರೆತಿರಲಿಲ್ಲ. ನಾಲಗೆಯ ತುದಿಗೇ ಇತ್ತು. ಹೇಳಿದರೆ ಆಕೆ ಗುಳಿಗೆ ಬಿಡುವುದಿಲ್ಲ, ಗುಳಿಗೆ ಬಿಡದಿದ್ದರೆ ಮತ್ತೆ ಜಮಖಂಡಿಯಲ್ಲಿ ನಗುತ್ತಾರೆ, ಇಷ್ಟೇ ನನ್ನ ತಲೆಯಲ್ಲಿ ಓಡಿದ್ದು. ಆಕೆಯ ಕಾಲು ನೆನಪಾಗಲೇ ಇಲ್ಲ.

ಆಕೆ ಆರಿಸಿದ ಅಕ್ಕಿಯನ್ನೇ ಮತ್ತೆ ಮೊದಲಿಂದ ಆರಿಸತೊಡಗಿದಳು.

ನಾಲ್ಕು ದಿನ ಬಿಟ್ಟು, ಕಂಡಕಿ ಸುತ್ತುವಾಗ ನನ್ನ ಕಿವಿಯ ಹತ್ತಿರ ಬಾಯಿ ತಂದಳು. ಆ ಸಪ್ಪಳದಲ್ಲಿ ಹಾಗೇ ಮಾತಾಡಬೇಕು.

‘ಬಿಟ್ಟೆ ದೊಡ್ಡವ್ವಾ.’

‘ಏನು?’

‘ಗುಳಿಗಿ. ಪಟ್ಟಿ ಕಟ್ಟಸೂದೂ ಬಿಟ್ಟೆ. ಮೂರ ದಿನಾ ಆತು, ಏನೂ ಆಗಿಲ್ಲ ನೋಡ್ರಿ.’

‘ನಿನ್ನ ಗಂಡಗ ಹೇಳೀಯೇನು?’

‘ಇಲ್ಲ. ಹಬ್ಬ ಆದ ಮ್ಯಾಲೆ ಹೇಳ್ತೇನಿ. ಬಜಿ ಅಂಗಡಿ ಅಂತಾನಲ್ಲ, ಬಾಯಿ ಮುಚ್ಚಲಿ.’

ನಾನು ‘ಛಲೋ ಆತು’ ಎಂದೆ. ಇದೂ ನನ್ನ ಬಾಯಿಂದಲೇ ಬಂದದ್ದು.

ಎಂಟು ದಿನ ಕಳೆದ ಮೇಲೆ ಆಕೆಗೆ ನೀರಡಿಕೆ ಹೆಚ್ಚಾಯಿತು. ಕೆಲಸದ ನಡುವೆ ಐದಾರು ಸಲ ಒಂದಕ್ಕೆ ಏಳುತ್ತಿದ್ದಳು. ಮಾಲಕ ಬೈದ. ಹುಣ್ಣಿನ ಬಾಯಿ ಮತ್ತೆ ಅಗಲವಾಗುತ್ತ ಬಂತು, ಸುತ್ತ ಕರ‍್ರಗಾಯಿತು. ಆಕೆಗೆ ಅಂಗಾಲು ಕಾಣುತ್ತಿರಲಿಲ್ಲ, ನೋವೂ ಗೊತ್ತಾಗುತ್ತಿರಲಿಲ್ಲ, ಸಕ್ಕರೆ ಇದ್ದವರಿಗೆ ಕಾಲು ಮರಗಟ್ಟಿರುತ್ತದೆ. ನೋಡುತ್ತಿದ್ದವಳು ನಾನು. ‘ಹ್ಯಾಂಗೈತಿ ದೊಡ್ಡವ್ವಾ?’ ಎಂದು ದಿನಾ ಕೇಳುತ್ತಿದ್ದಳು. ‘ಮಾಯಾಕತ್ತೇತಿ’ ಎಂದು ದಿನಾ ಹೇಳುತ್ತಿದ್ದೆ. ಪ್ರಾರ್ಥನೆ ಬಿಟ್ಟಿರಲಿಲ್ಲ. ಆದರೆ ಆಕೆಯ ಕಾಲಿಗಾಗಿ ಬೇಡುತ್ತಿರಲಿಲ್ಲ ನಾನು. ಹಬ್ಬದ ದಿನದ ತನಕ ತಡೆಯಲಿ ಎಂದು ಬೇಡುತ್ತಿದ್ದೆ. ಇದನ್ನೂ ಬರೆಯುತ್ತೇನೆ.

ಹಬ್ಬದ ಬೆಳಿಗ್ಗೆ ಒಂದು ಟೆಂಪೋದಲ್ಲಿ ಇಪ್ಪತ್ತೈದು ಮಂದಿ ಹೊರಟೆವು. ಆಕೆಯ ಗಂಡ ಮಗ್ಗ ಬಿಟ್ಟು ಬರುವಂತಿರಲಿಲ್ಲ. ಆಕೆ ಹೊಸ ಸೀರೆ ಉಟ್ಟಿದ್ದಳು, ತಲೆ ತುಂಬ ಮಲ್ಲಿಗೆ. ದಾರಿಯಲ್ಲಿ ಆಕೆಗಾಗಿ ಮೂರು ಕಡೆ ಗಾಡಿ ನಿಲ್ಲಿಸಬೇಕಾಯಿತು.

‘ಸಾಕ್ಷಿ ಹೇಳಾಕ ಅಂಜಿ ಹಿಂಗಾಗೇತಿ ಈಕಿಗಿ,’ ಎಂದು ಹುಡುಗಿಯರು ನಕ್ಕರು. ನಾನು ಆಕೆಯ ಮಗ್ಗುಲಲ್ಲೇ ಕೂತಿದ್ದೆ. ಮಲ್ಲಿಗೆಯ ವಾಸನೆಯ ಕೆಳಗೆ ಇನ್ನೊಂದು ವಾಸನೆ ಇತ್ತು. ನನ್ನ ಗಂಡನ ಕೊನೆಯ ದಿನಗಳಲ್ಲಿ ಬೆನ್ನು ಹುಣ್ಣಾಗಿ ಕೊಳೆತಾಗ ಅಂಥದ್ದನ್ನು ಮೂಸಿದವಳು ನಾನು. ಗೊತ್ತಾಯಿತು. ಕಿಟಕಿ ತೆರೆದೆ, ಅಷ್ಟೇ.

ಕಾರ್ಯಾಲಯ ತುಂಬಿತ್ತು. ಹಾಡು ಛಲೋ ಆಯಿತು. ನಮ್ಮೂರ ಪಾಳಿ ಬಂದಾಗ ಆಕೆ ಮೈಕು ಎರಡೂ ಕೈಯಿಂದ ಹಿಡಿದು ನಿಂತಳು. ಮುಖ ಬಿಳಿಚಿತ್ತು, ಮೈ ತೂಗುತ್ತಿತ್ತು. ಆದರೂ ಚೊಕ್ಕವಾಗಿ ಹೇಳಿದಳು. ‘ಮೂರ ವಾರ ಆತು, ಗುಳಿಗಿ ಮುಟ್ಟಿಲ್ಲ. ನಮ್ಮ ದೊಡ್ಡವ್ವ ದಿನಾ ಪ್ರಾರ್ಥನಿ ಮಾಡ್ಯಾಳ. ನನ್ನ ಕಾಲು ಮಾಯಾಕತ್ತೇತಿ.’ ಆಕೆಗೆ ಅದು ಸುಳ್ಳಲ್ಲ. ನಾನು ಹೇಳಿದ್ದನ್ನೇ ಹೇಳಿದಳು.

ಚಪ್ಪಾಳೆ ಬಿತ್ತು. ಮುಧೋಳದ ಅಕ್ಕೋರು ಎದ್ದು ನಿಂತು ತಟ್ಟಿದಳು. ವೇದಿಕೆಯ ಮೇಲಿದ್ದ ನಮ್ಮ ಪಾಸ್ಟರು ತಟ್ಟಲಿಲ್ಲ, ನನ್ನ ಕಡೆ ನೋಡಿದರು. ನಾನು ಬೈಬಲ್ ತೆರೆದೆ.

ಊಟಕ್ಕೆ ಗೋಧಿ ಹುಗ್ಗಿ. ಬೆಲ್ಲ ಜೋರಾಗಿ ಬಿದ್ದಿತ್ತು. ಬಡಿಸುವ ಪಾಳಿ ನಮ್ಮೂರಿನದು, ಹುಗ್ಗಿಯ ಬಕೀಟು ನನ್ನ ಕೈಯಲ್ಲಿ. ಆಕೆಯ ಮುಂದೆ ಬಂದಾಗ ಸುತ್ತಲಿನ ಹೆಣ್ಣುಮಕ್ಕಳು ತಿನ್ನುವುದು ಬಿಟ್ಟು ನೋಡುತ್ತಿದ್ದರು.

‘ಹಾಕ್ರಿ ಆಕಿಗಿ. ಸಕ್ಕರಿ ಹೋಗೇತಿ, ಇವತ್ತ ತಿನ್ನಲಿ,’ ಎಂದಳು ಅಕ್ಕೋರು.

ಒಂದು ಸೌಟು ಹಾಕಿದೆ. ಆಕೆ ತಿಂದಳು. ನನ್ನ ಮುಖ ನೋಡಿ ನಕ್ಕಳು. ‘ಇನ್ನೊಂದ ಹಾಕ್ರಿ’ ಎಂದರು ಯಾರೋ. ಇನ್ನೊಂದು ಹಾಕಿದೆ. ಅದನ್ನೂ ತಿಂದಳು, ಎಲ್ಲರೂ ನೋಡುತ್ತಿರುವಾಗ ಬಿಡುವುದು ಹೇಗೆ. ಎದ್ದು ಕೈ ತೊಳೆಯಲು ಹೋದವಳು ನೀರಿನ ಟಾಕಿಯ ಹತ್ತಿರ ವಾಂತಿ ಮಾಡಿ ಅಲ್ಲೇ ಕುಸಿದಳು.

ಪಾಸ್ಟರು ಓಡಿಬಂದು ಆಕೆ ಕಾಲಿಗೆ ಸುತ್ತಿಕೊಂಡಿದ್ದ ಬಟ್ಟೆ ಬಿಚ್ಚಿದರು. ನೋಡಿದವರೆಲ್ಲ ಮೂಗಿಗೆ ಸೆರಗು ಹಿಡಿದರು. ಅವರು ಕೂತಲ್ಲಿಂದಲೇ ನನ್ನ ಕಡೆ ತಿರುಗಿದರು.

‘ಅವ್ವಾರ, ನಾ ಹೇಳಿದ್ದು ಈಕಿಗಿ ಹೇಳಿದ್ರಿಲ್ಲೋ?’

‘ಹೇಳಿದ್ದೆ,’ ಎಂದೆ. ‘ಆಕಿ ಕೇಳಲಿಲ್ಲ.’

ಅದೇ ಟೆಂಪೋದಲ್ಲಿ ಆಕೆಯನ್ನು ಅಲ್ಲೇ ಒಂದು ದವಾಖಾನೆಗೆ ಹಾಕಿದರು. ಗಂಡನಿಗೆ ಫೋನು ಹೋಯಿತು. ಮೊಣಕಾಲಿನ ಕೆಳಗೆ ತೆಗೆಯಬೇಕು, ಇಲ್ಲದಿದ್ದರೆ ಜೀವ ಹೋಗುತ್ತದೆ ಎಂದರಂತೆ ಡಾಕ್ಟರು. ನಮ್ಮನ್ನೆಲ್ಲ ಬಸ್ಸಿಗೆ ಹತ್ತಿಸಿ ಕಳಿಸಿದರು.

ನಾನು ಈಗಲೂ ಸಭೆಗೆ ಹೋಗುತ್ತೇನೆ. ಹೋಗದೆ ಮನೆಯಲ್ಲಿ ಕೂತು ಏನು ಮಾಡಲಿ? ಹಿಂದೆ, ಬಾಗಿಲ ಹತ್ತಿರ ಕೂಡುತ್ತೇನೆ. ಕ್ರಿಸ್‌ಮಸ್‌ಗೆ ಜಮಖಂಡಿಗೆ ಹೋಗುವುದಿಲ್ಲ. ಪ್ರಾರ್ಥನೆಗೆ ಕಣ್ಣು ಮುಚ್ಚಿದರೆ ಮಾತು ಬರುವುದಿಲ್ಲ, ಕಣ್ಣು ಮುಚ್ಚಿಕೊಂಡು ಎಲ್ಲರದು ಮುಗಿಯುವವರೆಗೆ ಕಾಯುತ್ತೇನೆ. ದೇವರು ನಿಮ್ಮನ್ನು ಕ್ಷಮಿಸಿದ್ದಾನೆ ಎಂದು ಪಾಸ್ಟರು ಎಷ್ಟೋ ಸಲ ಹೇಳಿದರು. ಇರಬಹುದು. ಕಾಲು ದೇವರದಲ್ಲ, ಆಕೆಯದು. ಕ್ಷಮಿಸಿದೆ ಎಂದು ಆಕೆ ಹೇಳಿಲ್ಲ. ಹೇಳು ಎಂದು ನಾನು ಕೇಳಿಯೂ ಇಲ್ಲ. ನಮ್ಮಿಬ್ಬರ ಮನೆಯ ನಡುವೆ ಒಂದೇ ಗೋಡೆ. ಆಕೆ ಕೋಲು ಊರಿಕೊಂಡು ಅಡಿಗೆ ಮನೆಗೆ ಹೋಗುವುದು, ಬರುವುದು, ಎಲ್ಲಾ ನನಗೆ ಕೇಳುತ್ತದೆ. ಕಡೆತನಕ ಕೇಳುತ್ತಲೇ ಇರುತ್ತೇನೆ.

ಆ ವರ್ಷ ಹಬ್ಬದ ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಜಮಖಂಡಿಯ ಆ ದವಾಖಾನೆಗೆ ಹೋದೆ. ಆಕೆಗೆ ಎಚ್ಚರ ಬಂದಿತ್ತು. ಕೈಗೆ ಸಲಾಯಿನ್ ಹಚ್ಚಿದ್ದರು. ಪಾಸ್ಟರು ಗೋಡೆಗೆ ಒರಗಿ ನಿಂತಿದ್ದರು. ಗಂಡ ಮಂಚದ ಹತ್ತಿರ ನಿಂತು ಬೈಯುತ್ತಿದ್ದ. ದನಿ ಏರಿಸಿರಲಿಲ್ಲ, ಅದೇ ಕೆಟ್ಟದಾಗಿತ್ತು.

‘ಪಾಸ್ಟರು ಗುಳಿಗಿ ಬಿಡಬ್ಯಾಡ ಅಂತ ಹೇಳಿ ಕಳಿಸಿದ್ರಂತ. ದೊಡ್ಡವ್ವ ಬಂದು ಹೇಳಿದಳಂತ. ನೀ ಕೇಳಲಿಲ್ಲ. ಯಾರ ಮಾತು ಕೇಳ್ತೀ ನೀ? ಈಗ ಕಾಲು ಕೊಡು.’

‘ನನಗ ಯಾರು ಹೇಳಿದ್ರು?’ ಎಂದಳು ಆಕೆ. ಆಮೇಲೆ ಬಾಗಿಲಲ್ಲಿ ನನ್ನನ್ನು ಕಂಡಳು. ‘ದೊಡ್ಡವ್ವಾ, ಹೇಳಿದ್ರೇನ್ರಿ? ನಾ ಮರತೇನೇನು?’

ಜ್ವರದಲ್ಲಿ ತನಗೇ ಮರೆವು ಬಂದಿದೆ ಎಂದುಕೊಂಡಿದ್ದಳು. ಹೂಂ ಅಂದಿದ್ದರೆ ನಂಬುತ್ತಿದ್ದಳು.

‘ಇಲ್ಲವಾ,’ ಎಂದೆ. ‘ಪಾಸ್ಟರು ಹೇಳ್ರಿ ಅಂದಿದ್ರು, ನಾ ನಿನಗ ಹೇಳಲಿಲ್ಲ. ನಿನ್ನೆ ಅವರ ಮುಂದ ಸುಳ್ಳು ಹೇಳಿದೆ. ಹುಣ್ಣು ಮಾಯಾಕತ್ತೇತಿ ಅಂದಿದ್ದೂ ಸುಳ್ಳು.’

ಗಂಡ ನನ್ನನ್ನು ನೋಡಿದ. ಪಾಸ್ಟರು ತಲೆ ಕೆಳಗೆ ಹಾಕಿದರು.

‘ಯಾಕ್ರಿ?’ ಎಂದಳು ಆಕೆ.

‘ಜಮಖಂಡ್ಯಾಗ ನಿನ್ನ ಸಾಕ್ಷಿಗೆ ನಿಲ್ಲಿಸಬೇಕಾಗಿತ್ತು ನನಗ.’

ಅಷ್ಟರಲ್ಲಿ ಆಪರೇಶನ್‌ಗೆ ಒಯ್ಯಲು ಗಾಲಿಯ ಮಂಚ ತಂದರು. ಎತ್ತಿ ಮಲಗಿಸಲು ತಂದವನ ಜೊತೆ ಇನ್ನಿಬ್ಬರು ಬೇಕಾಗಿತ್ತು. ಗಂಡ ಭುಜದ ಕಡೆ ನಿಂತ. ನಾನು ಕಾಲಿನ ಕಡೆ ಹೋಗಿ ಕೈ ಹಾಕಿದೆ.

‘ನೀವು ಬ್ಯಾಡ್ರಿ,’ ಎಂದಳು.

ನಾನು ಕೈ ತೆಗೆದು ಗೋಡೆಯ ಹತ್ತಿರ ಸರಿದು ನಿಂತೆ. ಪಾಸ್ಟರು ಬಂದು ಹಿಡಿದರು.